ಮೂರನೇ ಕಿಂಡಿಯ ಗಾಳೆಮ್ಮ

ಕುಷ್ಟಗಿಯ ಬೀಜ ಸಂಘಕ್ಕೆ ಕಂಪ್ಯೂಟರು ಬಂದದ್ದು ೧೯೮೭ರ ಬೇಸಿಗೆಯಲ್ಲಿ. ಬಂದ ದಿನವೇ ಅದಕ್ಕೆ ಕುಂಕುಮ ಹಚ್ಚಿ, ಮಾಲೆ ಹಾಕಿ, ಅದರ ನೆತ್ತಿಯ ಮೇಲೆಯೇ ಕಾಯಿ ಒಡೆದರು. ಕಾಯಿನೀರು ಒಳಗಿಳಿದು ಯಂತ್ರ ಎರಡು ವಾರ ಕಣ್ಣು ಬಿಡಲಿಲ್ಲ. ಕಾಯಿ ಒಡೆದವರು ಸಂಘದ ಕಾರ್ಯದರ್ಶಿ ದೊಡ್ಡಬಸಪ್ಪನವರು. ಕಂಪನಿಗೆ ಬರೆದ ಪತ್ರದಲ್ಲಿ ಮಾತ್ರ ಅವರು "ಯಂತ್ರವು ಬರುವಾಗಲೇ ಒದ್ದೆಯಾಗಿತ್ತು" ಎಂದು ಬರೆಸಿದರು. ಆ ಪತ್ರವನ್ನು ಟೈಪು ಮಾಡಿದವಳು ಗಾಳೆಮ್ಮ. ನಗು ಬಂದರೂ ತುಟಿ ಕಚ್ಚಿಕೊಂಡು ಮಾಡಿದಳು. ದಿನಗೂಲಿಯವರು ನಗುವುದಕ್ಕೆ ಆ ಕಚೇರಿಯಲ್ಲಿ ಹುಕುಂ ಇರಲಿಲ್ಲ.

ಗಾಳೆಮ್ಮ ತಾವರಗೇರಾದ ಹೆಣ್ಣುಮಗಳು. ಅಪ್ಪ ಓಬಳೆಪ್ಪನಿಗೆ ಒಂದೂವರೆ ಎಕರೆ ಕಲ್ಲು ಹೊಲ, ಉಳಿದ ದಿನಗಳಲ್ಲಿ ಕಂಡವರ ಹೊಲದ ಕೂಲಿ. ಅವ್ವ ದುರುಗವ್ವ ದೊಡ್ಡವರ ಮನೆಯ ಮದುವೆಗಳಲ್ಲಿ ಉಂಡ ಪತ್ರೋಳಿ ಎತ್ತಲು ಹೋಗುತ್ತಿದ್ದಳು. ಎಪ್ಪತ್ತರ ದಶಕದಲ್ಲಿ, ಇನ್ನೂ ಸಾಲಿ ಕಲಿಯುವಾಗ, ಗಾಳೆಮ್ಮನೂ ಅವ್ವನ ಜೊತೆ ಹೋಗಿ ಎತ್ತಿದ್ದಾಳೆ. ಉಂಡವರು ತೇಗುತ್ತ ಕೈ ತೊಳೆಯಲು ಹೋಗುವಾಗ ಎಲೆ ಎತ್ತುವವರ ಮುಖ ನೋಡುವುದಿಲ್ಲ ಎಂಬುದನ್ನು ಆಗಲೇ ಕಂಡುಕೊಂಡಿದ್ದಳು. ಅಂಥವರ ಬಗ್ಗೆ ಅವಳಲ್ಲಿ ಹುಟ್ಟಿದ ತಾತ್ಸಾರ ಮುಂದೆಂದೂ ಹೋಗಲಿಲ್ಲ, ಹೋಗಲಿ ಎಂದು ಅವಳು ಬಯಸಿದವಳೂ ಅಲ್ಲ. ಪಿಯುಸಿ ಮುಗಿಸಿ, ಕೊಪ್ಪಳದ ಸೋದರತ್ತೆಯ ಮನೆಯಲ್ಲಿದ್ದು ಕನ್ನಡ, ಇಂಗ್ಲಿಷ್ ಎರಡೂ ಟೈಪಿಂಗ್ ಪಾಸು ಮಾಡಿ, ೧೯೮೪ರಲ್ಲಿ ಸಂಘಕ್ಕೆ ದಿನಗೂಲಿ ಟೈಪಿಸ್ಟಾಗಿ ಸೇರಿದಳು. ದೊಡ್ಡಬಸಪ್ಪನವರು ಒಂದು ವಾಕ್ಯ ಹೇಳಿ ಮುಗಿಸುವುದರೊಳಗೆ ಅವಳು ಅದನ್ನು ಹೊಡೆದು, ಅವರ ತಪ್ಪನ್ನೂ ತಿದ್ದಿ, ಮುಂದಿನದಕ್ಕೆ ಕಾಯುತ್ತ ಕೂತಿರುತ್ತಿದ್ದಳು. ಅದು ಅವರಿಗೆ ಸೇರುತ್ತಿರಲಿಲ್ಲ.

ಕಂಪ್ಯೂಟರು ಬಂದ ಮೇಲೆ ಕಚೇರಿಗೆ ನಾಲ್ಕು ಕಿಂಡಿಗಳಾದವು. ಕಿಂಡಿಗೊಂದು ಪರದೆ, ಒಂದು ಕೀಲಿಮಣೆ. ಯಂತ್ರ ಮಾತ್ರ ಒಂದೇ, ಗಾಜಿನ ಕೋಣೆಯಲ್ಲಿ ಏಸಿ ಹಾಕಿಸಿಕೊಂಡು ಕೂತಿತ್ತು. ಅದರೊಳಗಿನ ಪ್ರೋಗ್ರಾಮೂ ಒಂದೇ. ಆ ಒಂದೇ ಪ್ರೋಗ್ರಾಮು ನಾಲ್ಕು ಎಳೆಯಾಗಿ ನಾಲ್ಕೂ ಕಿಂಡಿಗಳ ಕೆಲಸವನ್ನು ಏಕಕಾಲಕ್ಕೆ ನೋಡುತ್ತಿತ್ತು. ರೈತ ಬಂದು ಹೆಸರು, ಊರು, ಸರ್ವೆ ನಂಬರು, ಬೇಕಾದ ಬೀಜ ಹೇಳಿದರೆ ಒಂದು ಚೀಟಿ ಬರುತ್ತಿತ್ತು. ಅದನ್ನು ಹಿಡಿದು ಗೋದಾಮಿಗೆ ಹೋದರೆ ಜೋಳವೋ ತೊಗರಿಯೋ ಸಿಗುತ್ತಿತ್ತು. ಮೊದಲ ಕಿಂಡಿಯಲ್ಲಿ ಅಧ್ಯಕ್ಷರ ಹೆಂಡತಿಯ ತಮ್ಮ ಯಂಕೋಬ, ಎರಡನೆಯದರಲ್ಲಿ ನೂರಜಾನಬಿ, ಮೂರನೆಯದರಲ್ಲಿ ಗಾಳೆಮ್ಮ, ನಾಲ್ಕನೆಯದರಲ್ಲಿ ಒಂದೇ ಬೆರಳಿನಿಂದ ಹೊಡೆಯುವ ಹಳೆಯ ಗುಮಾಸ್ತ ಪಂಪಣ್ಣ. ದೊಡ್ಡಬಸಪ್ಪನವರು ತಮ್ಮ ಕುರ್ಚಿಯನ್ನು ಗಾಜಿನ ಕೋಣೆಗೇ ಒಯ್ದುಕೊಂಡರು. ಯಂತ್ರದ ಮೇಲೆ ನಿಗಾ ಇಡಬೇಕು ಎಂಬುದು ಕಾರಣ. ತಣ್ಣಗೆ ಗೊರಕೆ ಹೊಡೆಯುವುದೂ ಒಂದು ಬಗೆಯ ನಿಗಾ ಎಂದು ಇಟ್ಟುಕೊಳ್ಳೋಣ.

ಮರುವರ್ಷದ ಮುಂಗಾರಿನಲ್ಲಿ ಪೀಡೆ ಶುರುವಾಯಿತು. ಆ ಸೀಮೆಯಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಆದ್ದರಿಂದ ಯಲಬುರ್ಗಾದ ಕಡೆಯವರು, ತಾವರಗೇರಾದವರು ಎಲ್ಲ ಸೋಮವಾರವೇ ಬಸ್ಸು ಹತ್ತಿ ಬರುತ್ತಿದ್ದರು. ಕಿಂಡಿಯಿಂದ ಬೇವಿನ ಮರದವರೆಗೆ ಸಾಲು. ಮಧ್ಯಾಹ್ನ ಒಂದರ ಸುಮಾರಿಗೆ ಯಂತ್ರ ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು. ಮೊದಲು ಗಾಳೆಮ್ಮನ ಪರದೆ ಕಲ್ಲಾಗುತ್ತಿತ್ತು, ಅದರ ಹಿಂದೆ ಉಳಿದ ಮೂರೂ. ಆರಿಸಿ ಹಚ್ಚಿದರೆ ಮತ್ತೆ ನಡೆಯುತ್ತಿತ್ತು, ಆದರೆ ಹಚ್ಚಿ ಏಳಿಸುವುದರೊಳಗೆ ಮೂರು ಊರಿನ ಬಸ್ಸು ಹೋಗಿ, ರೈತರು ಬೀಜವಿಲ್ಲದೆ ಊರಿಗೆ ಮರಳುತ್ತಿದ್ದರು.

ಕಾರಣ ಹುಡುಕಲು ದೊಡ್ಡಬಸಪ್ಪನವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೊದಲು ಕರಿಮಣ್ಣಿನ ದೂಳು ಎಂದರು. ಬಾಗಿಲಿಗೆ ಒದ್ದೆ ಗೋಣಿತಟ್ಟು ಕಟ್ಟಿಸಿದರು, ಯಂತ್ರ ನಿಂತಿತು. ಆಮೇಲೆ ಬಳೆ ಎಂದರು.

"ನಿನ್ನ ಬಳಿ ಕೀಲಿಮಣಿಗೆ ಬಡೀತಾವು. ಅದಕ್ಕ ಕರೆಂಟ್ ಇಳೀತೈತಿ. ತೆಗದಿಡು."

"ನೂರಜಾನ್ ಕೈಯಾಗೂ ಅದಾವಲ್ರಿ ಸಾಹೇಬ್ರ."

"ಆಕಿ ಪರದೆ ಮೊದಲು ನಿಂದ್ರಂಗಿಲ್ಲಲ್ಲ. ನಿಂದ ನಿಂದ್ರತೈತಿ."

ಬರಿಗೈಯಲ್ಲಿ ಕೂತಳು. ಮುಂದಿನ ಸೋಮವಾರವೂ ಅವಳ ಪರದೆಯೇ ಮೊದಲು ನಿಂತಿತು. ಆಗ ಮೆಮೊ ಬಂತು. ಮೂರನೇ ಕಿಂಡಿಯವರ ಅಜಾಗ್ರತೆಯಿಂದ ಯಂತ್ರ ನಿಲ್ಲುತ್ತಿದೆ, ಕಂಪನಿಯ ಇಂಜಿನಿಯರೂ ಹಾಗೆಯೇ ಬರೆದುಕೊಟ್ಟರೆ ಹಾಜರಿ ಪಟ್ಟಿಯಿಂದ ಹೆಸರು ತೆಗೆಯಲಾಗುವುದು. ಶ್ರಾವಣದಲ್ಲಿ ಕಮಿಟಿ ಕೂಡಿ ಒಬ್ಬರನ್ನು ಖಾಯಂ ಮಾಡುವುದಿತ್ತು. ನಾಲ್ಕು ವರ್ಷ ಅದೊಂದನ್ನೇ ನೆಚ್ಚಿ ಗಾಳೆಮ್ಮ ಬದುಕಿದ್ದಳು. ಈಗ ಖಾಯಂ ಆಗುವುದು ಹಾಗಿರಲಿ, ಇದ್ದ ಕೂಲಿಯೂ ಹೋಗುವ ಹಾಗಾಯಿತು. ಅಪ್ಪನಿಗೆ ಹೇಳಲಿಲ್ಲ.

ಇಂಜಿನಿಯರು ಬೆಂಗಳೂರಿನಿಂದ ಅದಾಗಲೇ ಎರಡು ಸಲ ಬಂದು ಹೋಗಿದ್ದ. ಬಂದವನು ಯಂತ್ರ ಆರಿಸಿದ, ಹಚ್ಚಿದ, "ಸರಿ ಹೋಯ್ತು" ಅಂದ, ಖಾನಾವಳಿಯಲ್ಲಿ ರೊಟ್ಟಿ ಉಂಡು ಖಾರ ಜಾಸ್ತಿ ಎಂದು ಕಣ್ಣೀರು ಹಾಕಿದ, ಹೋದ. ಆರಿಸಿ ಹಚ್ಚುವುದನ್ನು ಕಚೇರಿಯ ಕಸ ಹೊಡೆಯುವ ಗೌಸಬೀಯೂ ಕಲಿತಿದ್ದಳು, ಅದೂ ಬೆಂಗಳೂರು ನೋಡದೆ.

ಮೂರನೆಯ ಕಾರಣ ದೊಡ್ಡಬಸಪ್ಪನವರಿಗೆ ಹೊಳೆದದ್ದು ಗಾಜಿನ ಕೋಣೆಯ ನಿದ್ದೆಯಲ್ಲಿ ಇರಬೇಕು. ಯಂತ್ರ ಸೋಮವಾರವೇ ಯಾಕೆ ನಿಲ್ಲುತ್ತದೆ? ಎತ್ತಿಗೆ ಇರುವ ಬಿಡುವು ಇದಕ್ಕೂ ಬೇಕು! ಸೋಮವಾರ ಹೂಡಿದರೆ ಯಾವ ದುಡಿಯುವ ಜೀವ ಸುಮ್ಮನಿದ್ದೀತು? ಮರುದಿನವೇ ಹುಕುಂ ಹೊರಬಿತ್ತು. ಸೋಮವಾರ ಯಂತ್ರಕ್ಕೆ ರಜೆ, ಊದುಬತ್ತಿ ಹಚ್ಚಿ ಕೈ ಮುಗಿಯತಕ್ಕದ್ದು, ಬೀಜದ ಚೀಟಿ ಮಂಗಳವಾರ. ಇಡೀ ತಾಲೂಕು ತಲೆದೂಗಿತು. ಕಮಿಟಿಯವರು ಕಾರ್ಯದರ್ಶಿಗಳ ಜ್ಞಾನಕ್ಕೆ ಬೆರಗಾದರು. ಸೋಮವಾರದ ಸಾಲು ಮಂಗಳವಾರಕ್ಕೆ ಬಂದು ನಿಂತಿತು, ಯಂತ್ರವೂ ಮಂಗಳವಾರ ಒಂದು ಗಂಟೆಗೆ ನಿಂತಿತು.

ಗಾಳೆಮ್ಮನಿಗೆ ಆ ರಜೆಯಿಂದ ಒಂದು ಉಪಕಾರವಾಯಿತು. ಸೋಮವಾರ ಯಂತ್ರ ಖಾಲಿ ಸಿಕ್ಕಿತು. ಊದುಬತ್ತಿ ಹಚ್ಚುವ ಕೆಲಸವನ್ನು ಅವಳೇ ಕೇಳಿ ತೆಗೆದುಕೊಂಡಳು. ಗಾಜಿನ ಕೋಣೆಯ ದೊಡ್ಡ ಪರದೆಯ ಮೂಲೆಯಲ್ಲಿ ಒಂದು ಚಿಕ್ಕ ಅಂಕಿ ಸದಾ ಕುಣಿಯುತ್ತಿತ್ತು. ದೊಡ್ಡಬಸಪ್ಪನವರ ಮೂಗಿನ ಮುಂದೆಯೇ ಇದ್ದರೂ ಅದೇನೆಂದು ಅವರು ಒಂದು ದಿನವೂ ಕೇಳಿರಲಿಲ್ಲ. ಇಂಜಿನಿಯರನ್ನು ಗಾಳೆಮ್ಮ ಕೇಳಿದ್ದಳು. "ಅದು ಮೆಮರಿ, ಒಳಗೆ ಎಷ್ಟು ಜಾಗ ಖಾಲಿ ಇದೆ ಅಂತ. ನಿಮಗೆ ಬೇಡದ್ದು" ಎಂದಿದ್ದ. ಬೇಡದ್ದನ್ನೇ ಅವಳು ಹಿಡಿದುಕೊಂಡಳು. ಬೆಳಿಗ್ಗೆ ಹಚ್ಚಿದಾಗ ಅಂಕಿ ಇನ್ನೂರ ನಲವತ್ತು. ಒಬ್ಬ ರೈತನ ಹೆಸರು ತೆರೆದರೆ ನಾಲ್ಕು ಇಳಿಯುತ್ತಿತ್ತು, ಚೀಟಿ ಬಂದ ಕೂಡಲೇ ನಾಲ್ಕು ಏರುತ್ತಿತ್ತು. ಅವಳಿಗೆ ಅದು ಕೂಡಲೇ ತಿಳಿಯಿತು. ಪಂಕ್ತಿಯಲ್ಲಿ ಒಬ್ಬನಿಗೆ ಪತ್ರೋಳಿ ಹಾಕುತ್ತಾರೆ, ಉಂಡೆದ್ದ ಮೇಲೆ ಎತ್ತುತ್ತಾರೆ, ಆ ಜಾಗ ಮತ್ತೊಬ್ಬನಿಗೆ. ಎತ್ತದೆ ಬಿಟ್ಟ ಎಲೆಗಳು ಹೆಚ್ಚಾದರೆ ಒಂದು ಹೊತ್ತಿಗೆ ಕೂರಲು ಜಾಗವೇ ಇರುವುದಿಲ್ಲ. ಹಾಗಾದರೆ ಯಾವುದೋ ಕಿಂಡಿಯಲ್ಲಿ ಎಲೆ ಎತ್ತುತ್ತಿಲ್ಲ. ಮೊದಲು ತನ್ನ ಪರದೆಯೇ ನಿಲ್ಲುವುದು ಯಾಕೆ ಎಂಬುದೂ ಆಗಲೇ ಹೊಳೆಯಿತು. ಉಳಿದವರು ಒಂದು ಹೆಸರು ಹೊಡೆಯುವುದರೊಳಗೆ ಅವಳು ನಾಲ್ಕು ಹೊಡೆಯುತ್ತಿದ್ದಳು. ಜಾಗ ಮುಗಿದ ಗಳಿಗೆಯಲ್ಲಿ ಜಾಗ ಕೇಳುವ ಕೈ ಹೆಚ್ಚಾಗಿ ಅವಳದೇ ಆಗಿರುತ್ತಿತ್ತು. ಚುರುಕಾಗಿ ದುಡಿದದ್ದಕ್ಕೆ ಮೆಮೊ ಕೊಟ್ಟ ಕಚೇರಿ ಅದು.

ಆ ಸೋಮವಾರ ಅವಳೂ ನೂರಜಾನಬಿಯೂ ಸೇರಿ ಒಂದೊಂದೇ ಕಿಂಡಿಯಿಂದ ನೂರು ನೂರು ಹೆಸರು ತೆರೆದು ಮುಗಿಸಿ ನೋಡಿದರು. ಅಂಕಿ ಇಳಿಯಿತು, ಏರಿತು, ಕೊನೆಗೆ ಇನ್ನೂರ ನಲವತ್ತಕ್ಕೇ ಬಂದು ನಿಂತಿತು. ಎರಡೆರಡು ಕಿಂಡಿ ಒಟ್ಟಿಗೆ ಹೊಡೆದರು, ಆಗಲೂ ಅಷ್ಟೇ. ಒಂದು ಎಲೆಯೂ ಉಳಿಯಲಿಲ್ಲ.

"ಯಂತ್ರ ಶುದ್ಧ ಐತಿ. ನಾವ ಮಬ್ಬು" ಎಂದು ನೂರಜಾನಬಿ ಬೇಸತ್ತು ನೆಲದ ಮೇಲೆ ಕೂತಳು.

"ಮಂದಿ ಇದ್ದಾಗ ಆಗತೈತಿ, ಮಂದಿ ಇಲ್ಲದಾಗ ಆಗಂಗಿಲ್ಲ. ಮಂದೀನ ನೋಡಬೇಕು ಹಂಗಾದ್ರ, ಯಂತ್ರ ಅಲ್ಲ" ಎಂದಳು ಗಾಳೆಮ್ಮ.

ಮರುದಿನ ಮಂಗಳವಾರ. ಊಟದ ಹೊತ್ತಿಗೆ ಯಂಕೋಬ, ಪಂಪಣ್ಣ, ದೊಡ್ಡಬಸಪ್ಪನವರು ಎದ್ದು ಹೋದರು. ನೂರಜಾನಬಿ ತನ್ನ ಕಿಂಡಿ ಮುಚ್ಚಿ ಗಾಜಿನ ಕೋಣೆಯಲ್ಲಿ ಅಂಕಿಯ ಮುಂದೆ ನಿಂತಳು. ಈಗ ನಡೆಯುತ್ತಿದ್ದುದು ಮೂರನೇ ಕಿಂಡಿ ಒಂದೇ. ಒಬ್ಬೊಬ್ಬರೇ ಬಂದರು, ಹೋದರು. ನಾಲ್ಕು ಇಳಿಯಿತು, ನಾಲ್ಕು ಏರಿತು. ತಾವರಗೇರಾದ ಮುದುಕಪ್ಪ ಕಿಂಡಿಗೆ ಬಂದ. ಎಪ್ಪತ್ತರ ಮುದುಕ, ಸರ್ವೆ ನಂಬರು ಬಾಯಿಗೆ ಬರುತ್ತಿರಲಿಲ್ಲ. ಅವನ ಹೆಸರು ತೆರೆದು ಅರ್ಧ ಹೊಡೆಯುವಷ್ಟರಲ್ಲಿ ಉಂಡು ಬಂದ ದೊಡ್ಡಬಸಪ್ಪನವರು ಹಿಂದಿನ ಬಾಗಿಲಿನಿಂದ ಒಬ್ಬ ಬಿಳಿ ಧೋತರದವರನ್ನು ಕರೆತಂದರು.

"ಅದನ್ನ ಬಿಡು. ಗೌಡ್ರದು ಮೊದಲು ತೆಗಿ."

ಕೀಲಿಮಣೆಯ ಎಡತುದಿಯಲ್ಲಿ ಒಂದು ಬಟನ್ ಇತ್ತು. ತಪ್ಪು ಹೆಸರು ತೆರೆದರೆ ಬಿಟ್ಟುಬಿಡಲು ಎಂದು ಕಂಪನಿಯವರು ಹೇಳಿಕೊಟ್ಟಿದ್ದರು. ಕಚೇರಿಯಲ್ಲಿ ಅದಕ್ಕೆ ಬಿಡೋ ಬಟನ್ ಎಂದೇ ಹೆಸರು. ಗಾಳೆಮ್ಮನ ಕಿರುಬೆರಳು ತಾನಾಗಿಯೇ ಅದರ ಮೇಲೆ ಹೋಯಿತು. ಮುದುಕಪ್ಪ ಪರದೆಯಿಂದ ಮಾಯವಾದ, ಗೌಡರು ಬಂದರು, ಗೌಡರ ಚೀಟಿ ಬಂತು. ಗಾಜಿನ ಆಚೆಯಿಂದ ನೂರಜಾನಬಿ ನಾಲ್ಕು ಬೆರಳೆತ್ತಿ ತೋರಿಸಿದಳು. ಆ ನಾಲ್ಕು ಏರಲಿಲ್ಲ. ಬಿಟ್ಟವರ ಜಾಗವನ್ನು ಯಂತ್ರ ಮರಳಿ ತೆಗೆದುಕೊಳ್ಳುತ್ತಿರಲಿಲ್ಲ.

ಪ್ರೋಗ್ರಾಮು ಬರೆದವನಿಗೆ ಪಾಪ, ಒಬ್ಬನ ಹೆಸರು ತೆರೆದರೆ ಅವನ ಕೆಲಸ ಮುಗಿಸಿಯೇ ಕಳಿಸುತ್ತಾರೆ ಎಂಬ ನಂಬಿಕೆ. ಬಿಡುವುದು ಎಂದೋ ಒಮ್ಮೆ ತಪ್ಪಾದಾಗ ಮಾತ್ರ ಎಂದುಕೊಂಡು ಆ ದಾರಿಯಲ್ಲಿ ಜಾಗ ಮರಳಿಸುವುದನ್ನು ಮರೆತಿದ್ದ. ಕುಷ್ಟಗಿಯಲ್ಲಿ ಸಾಲಿನಲ್ಲಿ ನಿಂತವನನ್ನು ಬಿಡುವುದು ತಪ್ಪಲ್ಲ, ರಿವಾಜು ಎಂದು ಅವನಿಗೆ ಯಾರು ಹೇಳಬೇಕು? ಅಧ್ಯಕ್ಷರ ಬೀಗರು, ಮೇಷ್ಟ್ರ ಭಾವಮೈದ, ಪಂಚಾಯಿತಿ ಚೇರಮನ್ನರ ಚೀಟಿ ತಂದವರು ಎಂದು ಸಾಲಿನ ದಿನ ಅರವತ್ತು ಮಂದಿ ಹಿಂಬಾಗಿಲಿನಿಂದ ಬರುತ್ತಿದ್ದರು. ಅರವತ್ತು ನಾಲ್ಕಲೆ ಇನ್ನೂರ ನಲವತ್ತು. ಅರವತ್ತನೆಯ ದೊಡ್ಡ ಮನುಷ್ಯ ಹೋಗುತ್ತಿದ್ದಂತೆ ಯಂತ್ರ ಪ್ರಾಣ ಬಿಡುತ್ತಿತ್ತು.

ಅಂದೂ ಬಿಟ್ಟಿತು, ಅಂದೇ ಇಂಜಿನಿಯರೂ ಬಂದ. ದೊಡ್ಡಬಸಪ್ಪನವರು ಅವನನ್ನು ಬಾಗಿಲಲ್ಲೇ ಹಿಡಿದು, ಮೂರನೇ ಕಿಂಡಿಯವಳ ತಪ್ಪೆಂದು ಎರಡು ಸಾಲು ಬರೆದುಕೊಡಿ ಸಾಕು ಎಂದು ಹೇಳಿ, ನಿಗಾ ಇಡಲು ಮನೆಗೆ ಹೋದರು. ಇಂಜಿನಿಯರು ಎಂದಿನಂತೆ ಆರಿಸಲು ಕೈ ಚಾಚಿದ.

"ಆರಿಸಬ್ಯಾಡ್ರಿ. ಒಳಗ ಯಾರ್ಯಾರ ಹೆಸರು ಉಳದಾವು, ಅಚ್ಚು ಹಾಕಿ ನೋಡ್ರಿ" ಎಂದಳು ಗಾಳೆಮ್ಮ.

"ಪ್ರೋಗ್ರಾಮ್ ಟೆಸ್ಟ್ ಮಾಡಿಯೇ ಕಳಿಸಿರೋದು ಕಣ್ರೀ. ನೀವು ಟೈಪ್ ಮಾಡೋದು ನೋಡಿಕೊಳ್ಳಿ."

"ಹಂಗಾರ ಆರಿಸಿ ಹಚ್ರಿ. ಅರವತ್ತು ಸಲ ಹೆಸರು ತೆರದು ಈ ಬಟನ್ ಒತ್ತಿ ನಿಮ್ಮ ಯಂತ್ರ ಕೆಡವಿ ತೋರಸ್ತೀನಿ. ಒಬ್ಬ ರೈತನೂ ಬ್ಯಾಡ, ಬಳೀನೂ ಬ್ಯಾಡ."

ಅವನು ಅವಳ ಮುಖ ನೋಡಿದ. ಆರಿಸಲಿಲ್ಲ. ಪ್ರಿಂಟರಿಗೆ ಕಾಗದ ಏರಿಸಿ ಒಳಗಿದ್ದದ್ದನ್ನು ಅಚ್ಚು ಹಾಕಿದ. ಉದ್ದನೆಯ ಕಾಗದ ಕಿರುಗುಟ್ಟುತ್ತ ಇಳಿಯಿತು. ಅರ್ಧಕ್ಕೆ ನಿಂತ ಅರವತ್ತು ಹೆಸರು, ಪಕ್ಕದಲ್ಲಿ ಕಿಂಡಿಯ ನಂಬರು. ಮುದುಕಪ್ಪ ತಾವರಗೇರಾ ಒಬ್ಬನೇ ಏಳು ಸಲ ಇದ್ದ. ಯಲಬುರ್ಗಾದ ಕಡೆಯ ಕಳಕಮ್ಮ ಎಂಬ ಮುದುಕಿ ನಾಲ್ಕು ಸಲ. ಇಂಜಿನಿಯರು ಬೆವರು ಒರೆಸಿಕೊಂಡು "ಹೌದಲ್ಲ" ಎಂದ.

ಗಾಳೆಮ್ಮ ಗೆದ್ದ ಸಡಗರದಲ್ಲಿ ಕಾಗದವನ್ನು ಕೈಗೆ ತೆಗೆದುಕೊಂಡಳು. ಯಾರ ಕಿಂಡಿಯಲ್ಲಿ ಎಷ್ಟು ಎಂದು ಎಣಿಸಿದಳು. ಯಂಕೋಬನದು ಐದು, ನೂರಜಾನಬಿಯದು ಹದಿನೆಂಟು, ಪಂಪಣ್ಣನದು ಆರು. ಮೂರನೆಯದು ಮೂವತ್ತೊಂದು. ಚುರುಕು ಕೈಯ ಹುಡುಗಿ ಎಂದು ದೊಡ್ಡವರನ್ನೆಲ್ಲ ಅವಳ ಕಿಂಡಿಗೇ ಕರೆತರುತ್ತಿದ್ದರು. ಮುದುಕಪ್ಪನನ್ನು ಏಳು ಸಲ ಬಿಟ್ಟವಳೂ ಅವಳೇ. ಎರಡು ಕಡೆ 'ಓಬಳೆಪ್ಪ, ತಾವರಗೇರಾ' ಎಂದಿತ್ತು. ಬೆಳಿಗ್ಗೆ ಅಪ್ಪ ಸಾಲಿನಲ್ಲಿ ಬಂದದ್ದು, ಅವಳು ಮುಖವೆತ್ತದೆ ಹೆಸರು ಹೊಡೆದದ್ದು, ಬಿಟ್ಟದ್ದು, ಅವನು ಹಿಂದೆ ಸರಿದು ಮತ್ತೆ ಸಾಲಿಗೆ ನಿಂತದ್ದು ಆಗ ನೆನಪಾಯಿತು. ಅವಳಿಗೆ ನಾಚಿಕೆಯಾಯಿತು. ಇಷ್ಟು ದಿನ ಕಂಡ ಕಂಡವರ ಮೇಲಿದ್ದ ತಾತ್ಸಾರ ಅಂದು ಮೊದಲ ಸಲ ಅವಳ ಮೇಲೆಯೇ ತಿರುಗಿತು.

ಇಂಜಿನಿಯರು ಗಡಿಯಾರ ನೋಡಿದ. ನಾಲ್ಕಕ್ಕೆ ಹುಬ್ಬಳ್ಳಿ ಬಸ್ಸು.

"ಎರಡು ಥರ ಸರಿ ಮಾಡಬಹುದು ಮೇಡಂ. ಬಿಟ್ಟ ಕೂಡಲೇ ಆ ಜಾಗ ವಾಪಸ್ ಬರೋ ಹಾಗೆ ಎರಡು ಸಾಲು ಸೇರಿಸ್ತೀನಿ. ಆಗ ನೀವು ಎಷ್ಟು ಜನರನ್ನ ಬಿಟ್ಟರೂ ಮೆಷಿನ್ ನಿಲ್ಲಲ್ಲ. ಇಲ್ಲಾಂದ್ರೆ ಆ ಬಟನ್ನೇ ತೆಗೆದುಬಿಡ್ತೀನಿ, ಒತ್ತಿದರೂ ಏನೂ ಆಗಲ್ಲ. ಒಂದು ಹೆಸರು ತೆರೆದರೆ ಮುಗಿಸೋವರೆಗೂ ಆ ಕಿಂಡೀಲಿ ಇನ್ನೊಂದು ತೆರೆಯಲ್ಲ. ಸಾಮಾನ್ಯವಾಗಿ ಎಲ್ಲರೂ ಮೊದಲನೇದು ಕೇಳ್ತಾರೆ."

ದೊಡ್ಡಬಸಪ್ಪನವರು ಕೇಳುವುದೂ ಅದನ್ನೇ, ತನ್ನ ಖಾಯಂ ಇರುವುದೂ ಅದರಲ್ಲೇ ಎಂದು ಗಾಳೆಮ್ಮನಿಗೆ ಗೊತ್ತಿತ್ತು. ಮೊದಲನೆಯದನ್ನು ಮಾಡಿದರೆ ಯಂತ್ರ ತಣ್ಣಗೆ ನಡೆಯುತ್ತದೆ, ಮುದುಕಪ್ಪ ಇಪ್ಪತ್ತು ಸಲ ಹಿಂದೆ ಸರಿದರೂ ಎಲ್ಲಿಯೂ ಏನೂ ನಿಲ್ಲುವುದಿಲ್ಲ.

"ಬಟನ್ ತೆಗೀರಿ" ಎಂದಳು.

"ತಪ್ಪು ಹೆಸರು ತೆರೆದರೆ?"

"ತಪ್ಪಾಗದಂಗ ನೋಡ್ಕೋತೀವ್ರಿ."

ಅವನು ತೆಗೆದ, ಐದು ಸಾಲಿನ ವರದಿಯನ್ನು ಇಂಗ್ಲಿಷಿನಲ್ಲಿ ಗೀಚಿ ಸಹಿ ಹಾಕಿದ, ಬಸ್ಸಿಗೆ ಓಡಿದ. ಆಮೇಲೆ ಯಂತ್ರ ಒಂದು ದಿನವೂ ನಿಲ್ಲಲಿಲ್ಲ. ಹಿಂಬಾಗಿಲಿನಿಂದ ಬಂದವರಿಗೆ ಗಾಳೆಮ್ಮ, "ಯಂತ್ರ ಒಲ್ಲೆ ಅಂತೈತ್ರಿ, ಒಳಗಿದ್ದಾವಂದು ಮೊದಲು ಮುಗೀಬೇಕಂತ" ಎನ್ನುತ್ತಿದ್ದಳು. ದೊಡ್ಡಬಸಪ್ಪನವರು ಎರಡು ಸಲ ಬಟನ್ ಒತ್ತಿಸಿ ನೋಡಿದರು. ಯಂತ್ರಕ್ಕೆ ಊದುಬತ್ತಿ ಹಚ್ಚಿಸಿ ಕೈ ಮುಗಿಸಿದವರು ಅದರ ಮಾತಿಗೆ ಎದುರು ಹೇಗೆ ಆಡಿಯಾರು? ಗೌಡರನ್ನು ಮುದುಕಪ್ಪನ ಬೆನ್ನಿಗೆ ನಿಲ್ಲಿಸಿ, ತಾವು ಗಾಜಿನ ಕೋಣೆಗೆ ಸರಿದರು.

ಶ್ರಾವಣದಲ್ಲಿ ಕಮಿಟಿ ಕೂಡಿತು. ದೊಡ್ಡಬಸಪ್ಪನವರು ಸೋಮವಾರದ ರಜೆಯಿಂದ ಯಂತ್ರ ಸುಧಾರಿಸಿದ ಬಗೆಯನ್ನು ಅರ್ಧ ಗಂಟೆ ವರ್ಣಿಸಿದರು. ಅಧ್ಯಕ್ಷರು "ಕಂಪನಿ ವರದಿ ಓದ್ರಿ" ಎಂದರು. ಇಂಗ್ಲಿಷು ಕಂಡ ಕೂಡಲೇ ಕಾರ್ಯದರ್ಶಿಗಳ ಕನ್ನಡಕ ಎಲ್ಲೋ ಕಳೆದುಹೋಯಿತು. ಗಾಳೆಮ್ಮನನ್ನು ಕರೆಸಿ ಕೈಗೆ ಕೊಟ್ಟರು. ಅವಳು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದಳು. ನಾಲ್ಕನೆಯ ಸಾಲಿನಲ್ಲಿ, ದೋಷ ಪ್ರೋಗ್ರಾಮಿನದು, ಅದನ್ನು ಹುಡುಕಿಕೊಟ್ಟವಳು ಮೂರನೇ ಕಿಂಡಿಯವಳು ಎಂದಿತ್ತು.

"ಭಾಳ ಛಲೋ" ಎಂದರು ಅಧ್ಯಕ್ಷರು. "ಖಾಯಂ ಹುದ್ದೆಗೆ ಈಕಿ ಹೆಸರ ಬರಕೋರಿ. ಯಂಕೋಬಂದು ಮುಂದಿನ ವರ್ಷ ನೋಡೋಣು."

ಗುಮಾಸ್ತ ಪೆನ್ನು ತೆಗೆದ. ಕಾಗದವನ್ನು ಅಲ್ಲಿಗೇ ಮಡಚಿ ಕೊಟ್ಟಿದ್ದರೆ ಆಗಿಹೋಗುತ್ತಿತ್ತು. ಆ ಕೋಣೆಯಲ್ಲಿ ಇಂಗ್ಲಿಷು ಓದಬಲ್ಲವರು ಮತ್ತೊಬ್ಬರಿರಲಿಲ್ಲ. ಮಡಚಲು ಗಾಳೆಮ್ಮನ ಕೈಯೂ ಹೋಯಿತು. ಅಷ್ಟರಲ್ಲಿ ಉಂಡು ಕೂತ ಆ ಮುಖಗಳನ್ನು ಒಮ್ಮೆ ನೋಡಿದಳು. ಇವರಿಂದ ಒಂದು ಮಾತು ಮುಚ್ಚಿಟ್ಟು ಬದುಕಬೇಕೇ ಎಂದು ಹೇಸಿಗೆಯಾಯಿತು.

"ಇನ್ನೊಂದು ಸಾಲು ಐತ್ರಿ. ಬಿಡೋ ಬಟನ್ ತೆಗದಾರ. ಇನ್ನ ಮ್ಯಾಲೆ ಒಬ್ಬಾಂದು ಮುಗಿಯೂತನಕ ಇನ್ನೊಬ್ಬಾಂದು ತೆರಿಯಂಗಿಲ್ಲ."

"ಅಂದ್ರ ನಮ್ಮ ಮಂದಿನೂ ಸಾಲಿಗೆ ನಿಂದ್ರಬೇಕ?" ಅಧ್ಯಕ್ಷರು ನೆಟ್ಟಗೆ ಕೂತರು. "ಹಿಂಗ ಮಾಡ್ರಿ ಅಂತ ಕೇಳಿದಾವ್ರು ಯಾರು?"

"ನಾನರಿ."

ಪೆನ್ನು ಹಿಡಿದ ಗುಮಾಸ್ತ ಅಧ್ಯಕ್ಷರ ಕಡೆ ನೋಡಿದ. ಖಾಯಂ ಹುದ್ದೆಗೆ ಯಂಕೋಬನ ಹೆಸರು ಬರೆದರು. ಹಳೆಯ ಬಟನ್ ಮರಳಿ ಹಾಕಿಕೊಡಿ ಎಂದು ಕಂಪನಿಗೆ ಮೂರು ಪತ್ರ ಹೋದವು. ಮೂರನ್ನೂ ಗಾಳೆಮ್ಮನೇ ಒಂದಕ್ಷರ ಬಿಡದೆ ಟೈಪು ಮಾಡಿದಳು. ಕಂಪನಿ ಅಷ್ಟರಲ್ಲಿ ಮುಚ್ಚಿಹೋಗಿತ್ತು, ಪತ್ರಗಳು ಹಾಗೆಯೇ ವಾಪಸು ಬಂದವು. ಅವಳನ್ನು ತೆಗೆದುಹಾಕಲೂ ಆಗಲಿಲ್ಲ, ಯಾಕೆಂದರೆ ಖಾಯಂ ಆದ ಯಂಕೋಬನಿಗೆ ಯಂತ್ರ ಹಚ್ಚಲು ಇನ್ನೂ ಬಂದಿರಲಿಲ್ಲ.

ಮರುವರ್ಷದ ಮುಂಗಾರಿನ ಮಿರಗ ಮಳೆ ಬಿದ್ದ ಮೂರನೆಯ ದಿನ ಅಧ್ಯಕ್ಷರೇ ತಮ್ಮ ಹೊಲದ ಬೀಜಕ್ಕೆ ಬಂದರು. ಹಿಂಬಾಗಿಲಿನಿಂದ ಬಂದು, ಅಲ್ಲಿ ಕೆಲಸವಾಗದೆ ಬಿಸಿಲಲ್ಲಿ ಸುತ್ತಿ ಮುಂಬಾಗಿಲಿಗೆ ಹೋಗಿ, ಮೂರನೇ ಕಿಂಡಿಯ ಸಾಲಿನಲ್ಲಿ ನಿಂತರು. ಮುಂದೆ ಮುದುಕಪ್ಪ. ಸರ್ವೆ ನಂಬರು ಎಂದಿನಂತೆ ಅವನ ಬಾಯಿಗೆ ಬರಲೊಲ್ಲದು. ಹಿಂದೆ ನಿಂತವರನ್ನು ಕಂಡು ಮುದುಕ ಅಭ್ಯಾಸಬಲದಿಂದ ಸರಿಯಲು ಹೊರಟ.

"ನಿಂದ್ರು ಕಾಕಾ" ಎಂದಳು ದಿನಗೂಲಿಯ ಗಾಳೆಮ್ಮ, ಅಧ್ಯಕ್ಷರ ಮುಖವನ್ನೇ ನೋಡುತ್ತ. "ಅವಸರ ಇಲ್ಲ. ಸಾವಕಾಶ ನೆನಪು ಮಾಡ್ಕೊಂಡು ಹೇಳು."